ಕಟ್ಟು ಮನುಷ್ಯನಿಗೆ, ಕಾಳು ಎತ್ತಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಔಷಧದಂಗಡಿಗಳಲ್ಲಿ, ಕೆಮ್ಮಿನ ಔಷಧಿ ಮತ್ತು ನೋವಿನ ಎಣ್ಣೆಗಳ ಸಾಲಿಗೆ ಮೇಲ್ಗಡೆ, ಬಂದವರ ದೃಷ್ಟಿಗೆ ನೇರವಾಗಿ ಬೀಳುವಂತೆ, ಪ್ರೋಟೀನ್ ಪುಡಿಯ ಡಬ್ಬಿಗಳು ಈಗ ಸ್ಥಿರವಾದೊಂದು ಸ್ಥಾನವನ್ನು ಸಂಪಾದಿಸಿಕೊಂಡಿವೆ. ಅವನ್ನು ಕೊಳ್ಳುವವರಲ್ಲಿ ವ್ಯಾಯಾಮಶಾಲೆಗೆ ಹೋಗುವ ತರುಣರಿದ್ದಾರೆ. ಚೊಚ್ಚಲ ಬಸುರಿನ ಹೆಣ್ಣುಮಕ್ಕಳ ತಾಯಂದಿರಿದ್ದಾರೆ. ಅವರಿಗಿಂತ ಹೆಚ್ಚಾಗಿ ನನ್ನ ಗಮನವನ್ನು ಸೆಳೆಯುವವರೆಂದರೆ, ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೆಲೆಸಿ, ಊರಿನ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ವೃದ್ಧ ತಂದೆತಾಯಿಗಳ ಕ್ಷೇಮವನ್ನು ಫೋನಿನಲ್ಲಿ ವಿಚಾರಿಸಿಕೊಳ್ಳುವ ಮಕ್ಕಳು. “ಅಮಾ, ದಿನಾ ಎರಡು ಚಮಚ ಹಾಲಿಗೆ ಹಾಕ್ಯಂಡು ಕುಡಿ” ಎಂಬ ಮಾತಿನ ಹಿಂದಿರುವ ಅಂತಃಕರಣವನ್ನು ಲಘುವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅಂತಃಕರಣವು ಸರಿಯಾಗಿದ್ದ ಮಾತ್ರಕ್ಕೆ ಉಪಾಯವೂ ಸರಿಯಾಗಿರಬೇಕೆಂಬ ನಿಯಮವಿಲ್ಲ. ಮಲೆನಾಡಿನ ಊಟದಲ್ಲಿ ಸಸಾರಜನಕದ, ಎಂದರೆ ಪ್ರೋಟೀನಿನ, ಕೊರತೆ ಇರುವುದು ನಿಜ. ಆ ಕೊರತೆ ಬಂದಿರುವುದು ಪ್ರಮಾಣದ ತಪ್ಪಿನಿಂದ ಮತ್ತು ಹಂಚಿಕೆಯ ತಪ್ಪಿನಿಂದ. ಈ ಎರಡು ತಪ್ಪುಗಳನ್ನು ತಿದ್ದುವ ಶಕ್ತಿ ನಮ್ಮ ಅಡುಗೆಮನೆಗಳಿಗೆ ಇರುವಷ್ಟು ಯಾವ ಡಬ್ಬಿಗೂ ಇಲ್ಲ ಎಂಬುದು ನಾನು ಇಲ್ಲಿ ಪ್ರತಿಪಾದಿಸಬಯಸುವ ವಿಷಯ.

ಮೊದಲು ದೇಹದ ಅವಶ್ಯಕತೆಯನ್ನು ನೋಡೋಣ. ಮಾಂಸಖಂಡ, ರಕ್ತ, ಚರ್ಮ, ಜೀರ್ಣರಸ, ರೋಗವನ್ನು ಎದುರಿಸುವ ಶಕ್ತಿ ಇವೆಲ್ಲಕ್ಕೂ ಉಪಾದಾನವಾದ ಸಸಾರಜನಕವನ್ನು ದೇಹವು ಕೊಬ್ಬಿನಂತೆ ಕೂಡಿಟ್ಟುಕೊಳ್ಳಲಾರದು. ಆದುದರಿಂದ ಅದು ದಿನದಿನವೂ ಊಟದಿಂದಲೇ ಒದಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಪ್ರಮಾಣದಂತೆ, ಆರೋಗ್ಯವಂತರಾದ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. ಎಂದರೆ 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ. ಅನ್ನವೇ ಪ್ರಧಾನವಾಗಿ, ಬೇಳೆಕಾಳು ಹಾಲುಗಳು ಅಲ್ಪವಾಗಿರುವ ಊಟವಾದರೆ, ಅದರಲ್ಲಿ ದೊರೆಯುವ ಸಸಾರಜನಕದ ಗುಣ ಕೆಳಮಟ್ಟದ್ದಾಗುವುದರಿಂದ, ಕಿಲೋಗೆ 1 ಗ್ರಾಮಿನಷ್ಟೇ ಬೇಕಾಗುತ್ತದೆ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಇದರ ಮೇಲೆ ದಿನಕ್ಕೆ 22 ಗ್ರಾಂ ಹೆಚ್ಚಿಗೆ ಬೇಕು. ಎದೆಹಾಲೂಡಿಸುವ ಮೊದಲ ಆರು ತಿಂಗಳು 17 ಗ್ರಾಂ.

ಈಗ ನಮ್ಮ ಎಲೆಯನ್ನು ನೋಡೋಣ. ಅಡಿಕೆ ತೋಟವುಳ್ಳ ಸಾಮಾನ್ಯ ಸ್ಥಿತಿವಂತರ ಮನೆಯ ಮಧ್ಯಾಹ್ನದ ಊಟದಲ್ಲಿ ಏನಿರುತ್ತದೆ? ಅನ್ನ, ಒಂದೆಲಗದ್ದೋ ದೊಡ್ಡಪತ್ರೆಯದೋ ತಂಬುಳಿ, ತಿಳಿಯಾದ ಸಾರು ಅಥವಾ ಅಪ್ಪೆಹುಳಿ, ಒಂದು ಪಲ್ಯ, ಮಿಡಿ ಉಪ್ಪಿನಕಾಯಿ, ಕೊನೆಗೆ ನೀರು ಮಜ್ಜಿಗೆ. ನಾಲಿಗೆಗೆ ಇದಕ್ಕಿಂತ ಹಿತವಾದ ಊಟವು ಜಗತ್ತಿನಲ್ಲಿ ವಿರಳವೆಂಬುದನ್ನು ಒಪ್ಪಿಕೊಂಡೇ ಲೆಕ್ಕ ಹಾಕಬೇಕಾಗಿದೆ. ಅಕ್ಕಿಯಲ್ಲಿ ನೂರಕ್ಕೆ ಎಂಟು ಗ್ರಾಮಿನಷ್ಟು ಸಸಾರಜನಕವುಂಟು. ದಿನಕ್ಕೆ 350 ಗ್ರಾಂ ಅಕ್ಕಿಯ ಅನ್ನವನ್ನೂ ತಿಂಡಿಯನ್ನೂ ತಿನ್ನುವ ಹೆಂಗಸಿಗೆ ಅದರಿಂದಲೇ 28 ಗ್ರಾಂ ಬರುತ್ತದೆ. ತಿಳಿಸಾರಿನಲ್ಲಿ ಅವಳ ಪಾಲಿಗೆ ಬರುವ ಬೇಳೆ 25 ಗ್ರಾಮಿಗೆ ಮೀರದು. ಅದರಿಂದ ಐದೂವರೆ ಗ್ರಾಂ. ಮಜ್ಜಿಗೆಯಲ್ಲಿರುವ ಮೊಸರಿನಿಂದ ಮೂರು ಗ್ರಾಂ, ಕಾಯಿ ತರಕಾರಿಗಳಿಂದ ಮತ್ತೆರಡು ಮೂರು. ಒಟ್ಟು 39ರ ಆಸುಪಾಸು. ಕೊರತೆಯು ಅವಳನ್ನು ಹಾಸಿಗೆ ಹಿಡಿಸುವಂಥದಲ್ಲ. ಬೇಗ ಆಯಾಸವಾಗುವ, ಗಾಯ ನಿಧಾನವಾಗಿ ಮಾಯುವ, ಐವತ್ತಕ್ಕೆ ಮೊದಲೇ ತೋಳಿನ ಬಲ ಇಳಿಯುವ ಜಾತಿಯದು. ಎಪ್ಪತ್ತು ದಾಟಿದ ಮುದುಕಿಯ ಲೆಕ್ಕವನ್ನು ತೆಗೆದರೆ ಸ್ಥಿತಿ ಇನ್ನೂ ಕಠಿಣವಾಗಿ ಕಾಣುತ್ತದೆ. ಹಸಿವು ಕುಂದಿ ಅವಳು ತಿನ್ನುವ ಅಕ್ಕಿ 200 ಗ್ರಾಮಿಗೆ ಇಳಿದಿದ್ದರೆ, ಬೇಳೆ “ವಾಯು” ಎಂಬ ಕಾರಣದಿಂದ ಹೆಚ್ಚುಕಡಿಮೆ ಬಿಟ್ಟೇಹೋಗಿದ್ದರೆ, ಅವಳಿಗೆ ದಿನಕ್ಕೆ ದೊರೆಯುವುದು 22ರಿಂದ 25 ಗ್ರಾಂ. ವಯಸ್ಸಾದಂತೆ ಹಸಿವು ಕುಗ್ಗುತ್ತದೆ, ಸಸಾರಜನಕದ ಅಗತ್ಯ ಮಾತ್ರ ಕುಗ್ಗುವುದಿಲ್ಲ; ವೃದ್ಧರಿಗೆ ಕಿಲೋಗೆ 1ರಿಂದ 1.2 ಗ್ರಾಂ ಒದಗಿಸುವುದು ಒಳ್ಳೆಯದೆಂದು ಯುರೋಪಿನ ವೃದ್ಧಾಪ್ಯ ವೈದ್ಯತಜ್ಞರ ಮಂಡಲಿಯೊಂದು 2013ರಲ್ಲಿಯೇ ಸೂಚಿಸಿತು. ಹೀಗಿರುವಲ್ಲಿ ದೂರದ ಮಗನ ಆತಂಕ ನಿರಾಧಾರವಾದುದೆಂದು ಹೇಳುವಂತಿಲ್ಲ.

ಹಾಗಾದರೆ ಈ ನೆಲದಲ್ಲಿ ಸಸಾರಜನಕವೇ ಇರಲಿಲ್ಲವೆ? ಇದ್ದಿತು, ಎಷ್ಟು ಸಮೀಪದಲ್ಲಿ ಇದ್ದಿತೆಂಬುದಕ್ಕೆ ಹುರುಳಿಗಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ. ಹೂಡುವ ಎತ್ತುಗಳಿದ್ದ ಮಲೆನಾಡಿನ ಮನೆಗಳಲ್ಲಿ ರಾತ್ರಿ ನೆನೆಹಾಕಿದ ಹುರುಳಿಯನ್ನು ಬೆಳಗ್ಗೆ ದೊಡ್ಡ ಪಾತ್ರೆಯಲ್ಲಿ ಹಾಕಿ, ಒಲೆಯ ಮೇಲೆ ಹೊತ್ತುಗಟ್ಟಲೆ ಬೇಯಿಸುತ್ತಿದ್ದರು. ಕಾಳು ಬಿರಿದು ನೀರು ಕೆಂಗಂದಾಗಿ ಮಂದವಾಗುತ್ತ ಬಂದಾಗ ಆ ನೀರನ್ನು ಬಸಿದು ಒಂದು ಕಡೆಗೆ ಇಡುತ್ತಿದ್ದರು. ಅದು ಕಟ್ಟು. ಹುಣಿಸೆಹುಳಿ, ಉಪ್ಪು, ಚೂರು ಬೆಲ್ಲ ಬಿದ್ದು ಬೆಳ್ಳುಳ್ಳಿಯ ಒಗ್ಗರಣೆಯಾದ ಕಟ್ಟಿನ ಸಾರು ಮನೆಮಂದಿಯ ಎಲೆಗೆ ಬರುತ್ತಿತ್ತು. ಮರುದಿನ ಕುದಿಸಿದರೆ ಮತ್ತಷ್ಟು ರುಚಿ, ಮೂರನೆಯ ದಿನ ಇನ್ನೂ ರುಚಿ ಎಂಬುದು ಆ ಸಾರಿನ ಖ್ಯಾತಿ. ಬೆಂದ ಕಾಳು ಕೊಟ್ಟಿಗೆಗೆ ಹೋಗುತ್ತಿತ್ತು. ಮಳೆಗಾಲದ ಹೂಟಿಗೆ ಎತ್ತಿಗೆ ತ್ರಾಣ ಬೇಕು, ಅದಕ್ಕೆ ಹುರುಳಿ ಬೇಕು ಎಂಬ ಅನುಭವಜ್ಞಾನ ನಮ್ಮ ಹಿರಿಯರಿಗೆ ನಿಸ್ಸಂದೇಹವಾಗಿ ಇದ್ದಿತು. ಬೇಯುವಾಗ ಬಣ್ಣವೂ ಪರಿಮಳವೂ ಒಂದಿಷ್ಟು ಲವಣಾಂಶಗಳೂ ನೀರಿಗೆ ಇಳಿಯುತ್ತವೆ, ಸಸಾರಜನಕವೂ ಸ್ವಲ್ಪ ಇಳಿಯುತ್ತದೆ; ಅದರ ಬಹುಭಾಗ ಕಾಳಿನಲ್ಲಿಯೇ ಉಳಿಯುತ್ತದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿರುವುದರಿಂದ, ಆ ಮನೆಯಲ್ಲಿ ಪ್ರತಿದಿನವೂ ಅತ್ಯುತ್ತಮವಾದ ಪೋಷಣೆಯೊಂದು ತಯಾರಾಗಿ, ಅದರ ರುಚಿಯನ್ನು ಮನುಷ್ಯರೂ ಸತ್ತ್ವವನ್ನು ಎತ್ತುಗಳೂ ಹಂಚಿಕೊಳ್ಳುತ್ತಿದ್ದುವು ಎಂದಾಯಿತು.

ಇದನ್ನು ನಾನು ದೋಷಾರೋಪಣೆಯಾಗಿ ಹೇಳುತ್ತಿಲ್ಲ. ಎತ್ತು ಬಿದ್ದರೆ ಬೇಸಾಯವೇ ಬೀಳುತ್ತಿದ್ದ ಕಾಲದಲ್ಲಿ ಆ ಹಂಚಿಕೆಗೆ ತನ್ನದೇ ಆದ ನ್ಯಾಯವಿದ್ದಿತು. ಆದರೆ ಇಂದು ಕೊಟ್ಟಿಗೆಯಲ್ಲಿ ಎತ್ತಿಲ್ಲ. ಗದ್ದೆಗೆ ಟಿಲ್ಲರು ಬಂದು ಎಷ್ಟೋ ಕಾಲವಾಯಿತು. ಎತ್ತು ಹೋದ ಮೇಲೆ ಕಾಳು ಮನುಷ್ಯನ ಎಲೆಗೆ ಬರಬೇಕಾಗಿತ್ತಷ್ಟೆ? ಬರಲಿಲ್ಲ. ಎತ್ತಿನೊಡನೆ ಹುರುಳಿಯೂ ಮನೆಯಿಂದ ಹೊರಟುಹೋಯಿತು. ಹುರುಳಿಯು ದನದ ಆಹಾರ, ಬಡವರ ಆಹಾರ, ಉಷ್ಣದ ಪದಾರ್ಥ ಎಂಬ ಭಾವನೆಗಳು ಮಾತ್ರ ಹಿಂದೆ ಉಳಿದುವು. ಹಳೆಯ ಊಟದ ಕ್ರಮದಲ್ಲಿ ಬೇಳೆಕಾಳುಗಳ ಸ್ಥಾನ ಎಷ್ಟು ಸಂಕೋಚದ್ದೆಂಬುದನ್ನು ಮದುವೆ ಮುಂಜಿಗಳ ಎಲೆಯಲ್ಲಿಯೂ ಕಾಣಬಹುದು: ಅನ್ನಕ್ಕೆ ಎಲೆಯ ನಡುಭಾಗವೆಲ್ಲ ಮೀಸಲು, ನೆನೆದ ಹೆಸರುಬೇಳೆಯ ಕೋಸಂಬರಿಗೆ ಮೇಲ್ತುದಿಯಲ್ಲಿ ಒಂದು ಚಮಚದಷ್ಟು ಜಾಗ. ಪರಂಪರೆಯಲ್ಲಿದ್ದುದೆಲ್ಲ ಪರಿಪೂರ್ಣವೆಂದು ವಾದಿಸುವವರೊಡನೆ ನನಗೆ ಸಹಮತವಿಲ್ಲದಿರುವುದು ಇಂಥ ಕಡೆಗಳಲ್ಲಿಯೇ. ನಮ್ಮ ಅಡುಗೆಗೆ ಬೇಕಾದ ಪದಾರ್ಥಗಳೆಲ್ಲ ತಿಳಿದಿದ್ದುವು. ಅವುಗಳ ಪ್ರಮಾಣವನ್ನು ನಿರ್ಣಯಿಸಿದುದು ಅಕ್ಕಿಯ ಗೌರವ.

ಪರಂಪರೆಯು ಸರಿಯಾಗಿ ಕಂಡುಕೊಂಡ ಒಂದು ಪ್ರಮಾಣವೂ ಉಂಟು. ಅದು ದೋಸೆಯ ಹಿಟ್ಟಿನಲ್ಲಿದೆ. ಸಸಾರಜನಕವೆಂಬುದು ಹಲವು ಅಮೈನೋ ಆಮ್ಲಗಳ ಜೋಡಣೆ. ಅವುಗಳಲ್ಲಿ ಕೆಲವನ್ನು ದೇಹವು ತಾನೇ ತಯಾರಿಸಿಕೊಳ್ಳಲಾರದು. ಅಕ್ಕಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲವು ಕಡಮೆ, ಮೆಥಿಯೊನೀನ್ ಸಾಕಷ್ಟಿದೆ. ಬೇಳೆಕಾಳುಗಳಲ್ಲಿ ಲೈಸೀನ್ ಯಥೇಷ್ಟ, ಮೆಥಿಯೊನೀನ್ ಕಡಮೆ. ಎರಡನ್ನೂ ಕೂಡಿ ತಿಂದಲ್ಲಿ ಒಂದರ ನ್ಯೂನತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಈ ಕೂಡಿಕೆಗೆ ಮೂರು ಭಾಗ ಧಾನ್ಯಕ್ಕೆ ಒಂದು ಭಾಗ ಬೇಳೆ ಎಂಬ ಅನುಪಾತವು ಉತ್ತಮವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ನೆನೆಹಾಕುವ ಗೃಹಿಣಿಗೆ ಇದು ಹೊಸದಾಗಿ ಕೇಳುವ ಸಂಗತಿಯಲ್ಲ. ಅದೇ ಸಂಸ್ಥೆಯು ದಿನದ ಊಟಕ್ಕೆ ಸೂಚಿಸುವ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 300 ಮಿಲಿಲೀಟರು ಹಾಲು ಮೊಸರು ಎಂಬ ಪ್ರಮಾಣವೂ ಹೆಚ್ಚುಕಡಿಮೆ ಇದೇ ಅನುಪಾತದ್ದು. ಅದರಿಂದ 20, 19, 10 ಎಂದು ಒಟ್ಟು 49 ಗ್ರಾಂ ಸಸಾರಜನಕ ಸಿಗುತ್ತದೆ. ನಮ್ಮ ತೆಳ್ಳೇವು ಬರೀ ಅಕ್ಕಿಯದು, ಕಡುಬೂ ಬಹುಪಾಲು ಅಕ್ಕಿಯದೇ. ಅವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅವುಗಳ ಜೊತೆಗೆ ಕಾಯಿಚಟ್ನಿಯ ಬದಲಿಗೆ ಹೆಸರುಕಾಳಿನ ಗಟ್ಟಿ ಗಸಿಯೋ, ಅಲಸಂದೆಯ ಪಲ್ಯವೋ, ಶೇಂಗಾ ಅರೆದ ಚಟ್ನಿಯೋ ಬಂದರೆ ಅನುಪಾತ ತಾನಾಗಿ ಸರಿಹೋಗುತ್ತದೆ.

ಮೀನು ಮಾಂಸಗಳನ್ನು ತಿನ್ನುವ ಮನೆಗಳು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆಯೇ ಇದ್ದುವು. ಮುಂಗಾರಿನ ಮೊದಲ ನೀರಿಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನು, ಗದ್ದೆಯಂಚಿನ ಏಡಿ, ಘಟ್ಟ ಹತ್ತಿ ಬರುವ ಒಣಮೀನು ಸೀಗಡಿಗಳು, ಬೇಸಗೆಯಲ್ಲಿ ಕೆರೆಯ ನೀರಿಳಿದಾಗ ಊರಿಗೆ ಊರೇ ಕೂಣಿ ಹಿಡಿದು ಇಳಿಯುವ ಕೆರೆಬೇಟೆ, ತೀರ್ಥಹಳ್ಳಿ ಸೀಮೆಯ ಚಿಗಳಿ ಚಟ್ನಿ, ಲಿಂಗನಮಕ್ಕಿಯ ಹಿನ್ನೀರಿನ ಮೀನು, ಹಿತ್ತಿಲಿನ ನಾಟಿಕೋಳಿ, ಅದರ ಮೊಟ್ಟೆ, ಇವೆಲ್ಲ ಸೇರಿ ದೀವರ, ಒಕ್ಕಲಿಗರ ಮನೆಗಳ ಗಂಜಿಯೂಟಕ್ಕೆ ಒದಗಿಸುತ್ತಿದ್ದ ಸತ್ತ್ವವು ಅನುಕೂಲಸ್ಥರ ಅನ್ನ ತಂಬುಳಿಗೆ ಸುಲಭವಾಗಿ ಒದಗುವಂಥದಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಸಾರಜನಕವುಂಟು, ಅದರ ಗುಣವೂ ಅತ್ಯುತ್ತಮವಾದುದು. ತಿನ್ನುವ ಅಭ್ಯಾಸವಿದ್ದವರಿಗೆ ಇದಕ್ಕಿಂತ ಸುಲಭದ ಸಾಧನವಿಲ್ಲ. ಇಷ್ಟು ಹೇಳಿ ಮುಂದುವರಿಯುತ್ತೇನೆ. ಏಕೆಂದರೆ ಮೀನಿನ ಸಾರಿರುವ ಮನೆಯಲ್ಲಿಯೂ ಮೀನಿನ ತುಂಡು ಯಾರ ತಟ್ಟೆಗೆ ಬೀಳುತ್ತದೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಆ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತುದು ಭತ್ತವನ್ನು ಅಳೆಯುವ ಕೊಳಗದ ಪ್ರಶ್ನೆಯ ಮೇಲೆ; ಎಚ್. ಗಣಪತಿಯಪ್ಪನವರು ಮುಂದಾಳಾಗಿದ್ದ ಆ ಹೋರಾಟಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅಳತೆಯಲ್ಲಿಯ ಅನ್ಯಾಯವನ್ನು ಕಂಡು ಜಾಗೃತರಾದ ಈ ನಾಡಿನಲ್ಲಿ, ಒಂದೇ ಮನೆಯ ಒಳಗಿನ ಅಳತೆಯ ಬಗ್ಗೆ ಮಾತ್ರ ಯಾರೂ ಸತ್ಯಾಗ್ರಹ ಹೂಡಲಿಲ್ಲ. ಮೊದಲ ಪಂಕ್ತಿಯಲ್ಲಿ ಗಂಡಸರು, ಮಕ್ಕಳು, ಬಂದ ನೆಂಟರು. ಎರಡನೆಯದರಲ್ಲಿ ಹಿರಿಯ ಹೆಂಗಸರು. ಬಡಿಸಿದ ಸೊಸೆಗೆ ಕೊನೆಯ ಸರದಿ. ಹುಳಿಯ ಪಾತ್ರೆಯಲ್ಲಿ ಬೇಳೆಯು ತಳಕ್ಕೆ ಕೂರುವುದರಿಂದ, ಸೌಟನ್ನು ತಳಮುಟ್ಟಿ ತಿರುವಿ ಬಡಿಸುವುದು ಬಡಿಸುವವಳ ಸೌಜನ್ಯ. ಆ ಸೌಜನ್ಯದ ಫಲವಾಗಿ ಅವಳ ಸರದಿ ಬರುವ ಹೊತ್ತಿಗೆ ಉಳಿದಿರುವುದು ನೀರೂ ನಾಲ್ಕು ಹೋಳೂ. ಅವಳು ಅದಕ್ಕೆ ಅನ್ನವನ್ನು ಹೆಚ್ಚು ಹಾಕಿಕೊಂಡು, ಉಪ್ಪಿನಕಾಯಿಯನ್ನು ನೆಂಚಿಕೊಂಡು, ಹೊಟ್ಟೆ ತುಂಬಿತೆಂದು ಏಳುತ್ತಾಳೆ. ಹೊಟ್ಟೆಯು ತುಂಬಿರುವುದರಿಂದಲೇ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಸುರಿಗೆ ಹೆಚ್ಚಿಗೆ ಬೇಕಾದ 22 ಗ್ರಾಮಿಗಾಗಿ ಡಬ್ಬಿಯನ್ನು ತರುವ ಮನೆಯಲ್ಲಿಯೇ ಅವಳನ್ನು ಮೊದಲ ಪಂಕ್ತಿಗೆ ಕರೆಯುವ ಪದ್ಧತಿ ಇಲ್ಲದಿರುವುದನ್ನು ಕಂಡಾಗ ನನಗೆ ದುಃಖವಾಗುತ್ತದೆ. ಸರ್ಕಾರವು 2017ರಲ್ಲಿ ಆರಂಭಿಸಿದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಬಿಸಿಯೂಟ ಬಡಿಸಬೇಕೆಂದುದರ ಹಿಂದೆ, ಮನೆಗೆ ಕೊಟ್ಟ ಪದಾರ್ಥವು ಉದ್ದೇಶಿಸಿದವಳ ಬಾಯಿಗೆ ಸೇರುವುದಿಲ್ಲವೆಂಬ ಅರಿವೇ ಇದ್ದಂತೆ ತೋರುತ್ತದೆ. ದೂರದೂರ ಚದುರಿದ ಒಂಟಿಮನೆಗಳ, ಮಳೆಗಾಲದಲ್ಲಿ ಸಂಕ ದಾಟಿ ಬರಬೇಕಾದ ನಮ್ಮ ಸೀಮೆಯಲ್ಲಿ ಬಸುರಿಯೊಬ್ಬಳು ದಿನವೂ ಅಷ್ಟು ದೂರ ನಡೆದು ಹೋಗುವುದು ಸುಲಭವಲ್ಲ. ಆದುದರಿಂದ ಮನೆಯ ಪಂಕ್ತಿಯೇ ತಿದ್ದಿಕೊಳ್ಳಬೇಕು.

ಪುಡಿಯಿಂದ ಪೋಷಣೆಯನ್ನು ಸಾಧಿಸುವ ಆಸೆ ಜಗತ್ತಿಗೆ ಹೊಸದಲ್ಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ಬಡದೇಶಗಳ ಮಕ್ಕಳ ಕ್ಷೀಣತೆಗೆಲ್ಲ ಸಸಾರಜನಕದ ಅಭಾವವೇ ಕಾರಣವೆಂದು ಬಗೆದು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 1955ರಲ್ಲಿ ಇದಕ್ಕೆಂದೇ ಒಂದು ಸಲಹಾ ಮಂಡಲಿಯನ್ನು ರಚಿಸಿದುವು. ಸಸಾರಜನಕದ ಮಹಾಸಂಕಟವೊಂದು ಸಮೀಪಿಸುತ್ತಿದೆಯೆಂದು 1968ರಲ್ಲಿ ವಿಶ್ವಸಂಸ್ಥೆಯ ವರದಿಯೇ ಎಚ್ಚರಿಸಿತು. ಮೀನಿನ ಹಿಟ್ಟು, ಎಣ್ಣೆ ತೆಗೆದ ಹಿಂಡಿಯ ಹಿಟ್ಟು, ಸೂಕ್ಷ್ಮಜೀವಿಗಳಿಂದ ಬೆಳೆಸಿದ ಪುಡಿ, ಹೀಗೆ ಪ್ರಯೋಗಗಳು ಸಾಲುಸಾಲಾಗಿ ನಡೆದುವು. ನಮ್ಮ ಮೈಸೂರಿನಲ್ಲಿ, ಚೆಲುವಾಂಬಾ ವಿಲಾಸದಲ್ಲಿ 1950ರಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಶೇಂಗಾ ಹಿಟ್ಟು ಕಡಲೆ ಹಿಟ್ಟುಗಳನ್ನು ಬೆರೆಸಿ, ಜೀವಸತ್ತ್ವಗಳನ್ನು ಸೇರಿಸಿ, ಬಹೂಪಯೋಗಿ ಆಹಾರವನ್ನು ಸಿದ್ಧಪಡಿಸಿದುದು ಆ ಕಾಲದಲ್ಲಿಯೇ. ಅದರ ಹಿಂದಿದ್ದ ದೇಶಪ್ರೇಮವನ್ನೂ ವಿದ್ವತ್ತನ್ನೂ ನಾನು ಗೌರವಿಸುತ್ತೇನೆ. ಅದು ಆರಿಸಿಕೊಂಡ ಪದಾರ್ಥಗಳು ನಮ್ಮ ಹೊಲಗಳಲ್ಲಿಯೇ ಬೆಳೆಯುವಂಥವು ಎಂಬುದನ್ನು ಮರೆಯತಕ್ಕದ್ದಲ್ಲ. ಆದರೆ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಿ. ಗೋಪಾಲನ್ ಅವರೂ ಸಂಖ್ಯಾಶಾಸ್ತ್ರಜ್ಞರಾದ ಪಿ.ವಿ. ಸುಖಾತ್ಮೆಯವರೂ, ನಮ್ಮ ಮಕ್ಕಳು ಬಹುಮಟ್ಟಿಗೆ ಬಳಲುತ್ತಿರುವುದು ಊಟವೇ ಸಾಲದೆ ಇರುವುದರಿಂದ, ಮನೆಯ ಸಾಮಾನ್ಯ ಊಟವೇ ಹೊಟ್ಟೆ ತುಂಬ ದೊರೆತರೆ ಸಸಾರಜನಕದ ಸಮಸ್ಯೆಯ ಬಹುಭಾಗ ತಾನೇ ಪರಿಹಾರವಾಗುವುದೆಂದು ತೋರಿಸಿಕೊಟ್ಟರು. 1973ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಅವಶ್ಯಕತೆಯ ಅಂಕಿಗಳನ್ನೇ ತಗ್ಗಿಸಿದರು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಇಡೀ ಪ್ರಕರಣವನ್ನು ಮಹಾವೈಫಲ್ಯವೆಂದು ಕರೆದರು. 1977ರಲ್ಲಿ ಸಲಹಾ ಮಂಡಲಿಯೇ ವಿಸರ್ಜಿತವಾಯಿತು. ಊಟದ ಸಮಸ್ಯೆಯಿಂದ ಒಂದೇ ಅಂಶವನ್ನು ಬಿಡಿಸಿ ತೆಗೆದು, ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ, ಬಡಿಸಿಬಿಡಬಹುದೆಂಬ ನಂಬಿಕೆಯನ್ನು ಆಗ ಸರ್ಕಾರಗಳು ಇಟ್ಟುಕೊಂಡಿದ್ದುವು. ಇಂದು ಅದೇ ನಂಬಿಕೆಯನ್ನು ವ್ಯಾಪಾರಿಗಳು ಮನೆಮನೆಗೆ ಮಾರುತ್ತಿದ್ದಾರೆ.

ಅವರು ಮಾರುವ ಡಬ್ಬಿಯಲ್ಲಿ ಇರುವುದೇನು? ಬಹುಪಾಲು ಅದು ಚೀಸ್ ತಯಾರಿಸುವಾಗ ಒಡೆದ ಹಾಲಿನಿಂದ ಬೇರೆಯಾಗುವ ನೀರನ್ನು ಸೋಸಿ ಒಣಗಿಸಿದ ಪುಡಿ, ಇಲ್ಲವೆ ಸೋಯಾದಿಂದ ತೆಗೆದುದು. ಅದರೊಡನೆ ಸಿಹಿ, ಬಣ್ಣ, ಪರಿಮಳ. ಪದಾರ್ಥವು ಸ್ವತಃ ಕೆಟ್ಟುದಲ್ಲ. ಆದರೆ ಸಕ್ಕರೆಯನ್ನೂ ಕೃತಕ ಸಿಹಿ ಪರಿಮಳಗಳನ್ನೂ ಬೆರೆಸಿರುವ ಸಂಭವವಿರುವುದರಿಂದ ಇಂಥ ಪುಡಿಗಳ ದೈನಂದಿನ ಬಳಕೆ ಬೇಡವೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ‘ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಭಾರತದಲ್ಲಿ ಮಾರಾಟವಾಗುವ 36 ಪುಡಿಗಳ ಪೈಕಿ ನೂರಕ್ಕೆ 70ರಷ್ಟರ ಮೇಲೆ ಮುದ್ರಿಸಿದ ಸಸಾರಜನಕದ ಅಂಕಿಯು ತಪ್ಪೆಂದೂ, 14ರಷ್ಟರಲ್ಲಿ ಬೂಷ್ಟಿನಿಂದ ಹುಟ್ಟುವ ವಿಷಾಂಶವಿತ್ತೆಂದೂ ಕಂಡುಬಂದಿತು. ಬೆಲೆಯನ್ನೂ ತೂಗಿ ನೋಡಬೇಕು. ಎರಡೂವರೆ ಸಾವಿರ ರೂಪಾಯಿ ಕೊಟ್ಟು ಒಂದು ಕಿಲೋ ಪುಡಿಯನ್ನು ಕೊಂಡರೆ, ಅದರ ಮುಕ್ಕಾಲು ಪಾಲು ಸಸಾರಜನಕವೆಂದೇ ಇಟ್ಟುಕೊಂಡರೂ, ಗ್ರಾಮಿಗೆ ಮೂರು ರೂಪಾಯಿಗೆ ಮೇಲೆ ಬೀಳುತ್ತದೆ. ಕಿಲೋಗೆ ನೂರು ರೂಪಾಯಿಯ ಹುರುಳಿಯಲ್ಲಿ ಅದೇ ಒಂದು ಗ್ರಾಂ ಐವತ್ತು ಪೈಸೆಗೆ ಒಳಗೆ ದೊರೆಯುತ್ತದೆ. ಹುರುಳಿಯೊಡನೆ ಕಬ್ಬಿಣದ ಅಂಶವೂ ನಾರೂ ಬರುತ್ತವೆ. ಪುಡಿಯೊಡನೆ ಅವು ಬರುವುದಿಲ್ಲ.

ಈ ವಾದಕ್ಕೆ ಆಕ್ಷೇಪಗಳುಂಟು. ಅವುಗಳಲ್ಲಿ ಕೆಲವು ನ್ಯಾಯವಾದುವು. ಶಸ್ತ್ರಚಿಕಿತ್ಸೆಯಾದವರಿಗೆ, ನುಂಗಲು ಕಷ್ಟಪಡುವವರಿಗೆ, ದೀರ್ಘರೋಗದಿಂದ ಕೃಶರಾದವರಿಗೆ ವೈದ್ಯರು ಪುಡಿಯನ್ನು ಬರೆದುಕೊಟ್ಟರೆ ಅದು ಔಷಧ, ಅದನ್ನು ತೆಗೆದುಕೊಳ್ಳಲೇಬೇಕು. ಮೂತ್ರಪಿಂಡದ ಕಾಯಿಲೆಯವರು ಪುಡಿಯಿರಲಿ ಕಾಳಿರಲಿ ವೈದ್ಯರನ್ನು ಕೇಳದೆ ಹೆಚ್ಚಿಸಿಕೊಳ್ಳಲಾಗದು. ಕಾಳು ವಾಯುವೆಂಬ ದೂರಿಗೆ ಹಳೆಯ ಉಪಾಯವೇ ಸಾಕು: ರಾತ್ರಿಯೆಲ್ಲ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ, ಸಾಧ್ಯವಾದಲ್ಲಿ ಮೊಳಕೆ ಬರಿಸಿ, ಇಂಗು ಶುಂಠಿ ಸೇರಿಸಿ ಮೆತ್ತಗೆ ಬೇಯಿಸುವುದು, ಒಮ್ಮೆಗೇ ಹೆಚ್ಚಿಸದೆ ದಿನದಿನಕ್ಕೆ ಅಷ್ಟಿಷ್ಟಾಗಿ ರೂಢಿಸಿಕೊಳ್ಳುವುದು. ಹೆಸರು ಎಲ್ಲಕ್ಕಿಂತ ಸುಲಭವಾಗಿ ಅರಗುವಂಥದು.

ನಿಜವಾಗಿ ಬಲವಾದ ಆಕ್ಷೇಪವು ಬೇರೊಂದಿದೆ. ಇಬ್ಬರೇ ಇರುವ ಮನೆಯಲ್ಲಿ ಬಗೆಬಗೆಯ ಅಡುಗೆ ಮಾಡುವ ಉತ್ಸಾಹವಾಗಲಿ ಕೈಯ ಬಲವಾಗಲಿ ಎಪ್ಪತ್ತೈದರ ಹೆಂಗಸಿಗೆ ಎಲ್ಲಿಂದ ಬರಬೇಕು? ಹಿಂದೆ ಹತ್ತು ಹದಿನೈದು ಮಂದಿ ಉಣ್ಣುತ್ತಿದ್ದ ಮನೆಯಲ್ಲಿ ಈಗ ಪುಟ್ಟ ಕುಕ್ಕರಿನಲ್ಲಿ ಅನ್ನವಾಗುತ್ತದೆ, ನಿನ್ನೆಯ ತಂಬುಳಿಯಿರುತ್ತದೆ, “ನಮ್ಮಿಬ್ಬರಿಗೆ ಇಷ್ಟು ಸಾಕು” ಎಂಬ ಮಾತಿರುತ್ತದೆ. ಈ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಆದರೆ ಇದಕ್ಕೆ ಉತ್ತರವಾಗಿಯೂ ಡಬ್ಬಿಯು ನಿಲ್ಲಲಾರದು, ಏಕೆಂದರೆ ಉಣ್ಣುವ ಮನಸ್ಸೇ ಕುಂದಿದವರಿಗೆ ಎರಡು ಚಮಚ ಪುಡಿಯು ಮನಸ್ಸನ್ನು ಕೊಡುವುದಿಲ್ಲ. ಬೇಕಾಗಿರುವುದು ಅತಿ ಕಡಮೆ ಶ್ರಮದ ಕೆಲವು ಪದಾರ್ಥಗಳು. ನೀರು ಬೆರೆಸದ ಹಾಲು ಒಂದು ದೊಡ್ಡ ಲೋಟ, ಅಂದರೆ 250 ಮಿಲಿಲೀಟರು, 8 ಗ್ರಾಂ ಸಸಾರಜನಕವನ್ನು ಕೊಡುತ್ತದೆ. ಅನ್ನದ ಕುಕ್ಕರಿನಲ್ಲಿಯೇ ಇನ್ನೊಂದು ಬಟ್ಟಲಿನಲ್ಲಿಟ್ಟು ಬೇಯಿಸಿದ ಒಂದು ಹಿಡಿ ಹೆಸರುಕಾಳು 7 ಗ್ರಾಂ. ಹಲ್ಲಿಲ್ಲದವರಿಗೆ ಹುರಿದು ಪುಡಿ ಮಾಡಿದ, ಅನ್ನಕ್ಕೆ ಕಲಸಿಕೊಳ್ಳಲು ಬರುವ ಒಂದು ಹಿಡಿ ಶೇಂಗಾ 6 ಗ್ರಾಂ. ಇವಿಷ್ಟರಿಂದ 21 ಗ್ರಾಂ ಆಯಿತು. ಮುದುಕಿಯ ಊಟದಲ್ಲಿ ಮೊದಲು ನಾವು ಕಂಡ ಕೊರತೆಯ ಬಹುಭಾಗ ಇಷ್ಟರಲ್ಲಿ ತುಂಬಿತು. ತಿಂಗಳಿಗೊಮ್ಮೆ ಊರಿಗೆ ಬರುವ ಮಗನೋ ಮಗಳೋ ಹುರಿಗಡಲೆ, ಶೇಂಗಾ, ಹುರುಳಿಗಳನ್ನು ಹುರಿದು ಪುಡಿ ಮಾಡಿ ಜಾಡಿಗೆ ತುಂಬಿಟ್ಟು ಹೋದರೆ, ಅದೂ ಪುಡಿಯೇ, ಅದೂ ಡಬ್ಬಿಯೇ. ಅದನ್ನು ಮಾಡಿದ ಕೈಯ ಗುರುತು ಮಾತ್ರ ಉಣ್ಣುವವರಿಗೆ ಇರುತ್ತದೆ.

ಅಡುಗೆಮನೆಯ ಮಾತು ಗದ್ದೆಯವರೆಗೂ ಹೋಗಬೇಕಾಗಿದೆ. ಭತ್ತದ ಕೊಯ್ಲಾದ ಮೇಲೆ ನೆಲದಲ್ಲಿ ಉಳಿದ ತೇವಕ್ಕೆ ಉದ್ದು, ಹೆಸರು, ಅಲಸಂದೆಗಳನ್ನು ಎರಚಿ, ನೀರು ಹಾಯಿಸದೆ, ಗೊಬ್ಬರ ಹಾಕದೆ, ಮನೆಯ ವರ್ಷದ ಕಾಳನ್ನು ಬೆಳೆದುಕೊಳ್ಳುತ್ತಿದ್ದ ಪದ್ಧತಿಯುಂಟಷ್ಟೆ. ಗದ್ದೆಯು ತೋಟವಾದಲ್ಲೆಲ್ಲ ಅದು ಅಳಿಯಿತು. ಅಡಿಕೆಯ ಧಾರಣೆ ಏರಿದ ವರ್ಷಗಳಲ್ಲಿ ಗದ್ದೆಗಳಿಗೆ ಮಣ್ಣು ತುಂಬಿ ಸಸಿ ನೆಟ್ಟವರನ್ನು ನಾನು ಹಳಿಯಲಾರೆ. ಒಂದೇ ಬೆಳೆಯನ್ನು ನೆಚ್ಚಿದ ಸೀಮೆಗೆ ಅಡಿಕೆಯ ಎಲೆಚುಕ್ಕಿ ರೋಗವು ಏನನ್ನು ಕಲಿಸುತ್ತಿದೆಯೆಂಬುದನ್ನು ಅವರೇ ಬಲ್ಲರು. ಮಲೆನಾಡು ಗಿಡ್ಡದ ಹಸುಗಳೂ ಕೊಟ್ಟಿಗೆಗಳಿಂದ ಮರೆಯಾಗುತ್ತಿವೆ. ಅವು ಕೊಡುತ್ತಿದ್ದುದು ದಿನಕ್ಕೆ ಒಂದೆರಡು ಲೀಟರು ಹಾಲಾದರೂ ಅದು ಮನೆಯಲ್ಲಿಯೇ ಉಳಿಯುತ್ತಿತ್ತು. ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಬಲವಾಗಿವೆ, ಅಡಿಕೆ ಮಾರಲು ಬಂದವರಿಗೆ ದಿನಸಿಯನ್ನು ಒದಗಿಸುವ ಅನುಭವವೂ ಸಹಕಾರ ವ್ಯವಸ್ಥೆಗೆ ಇದೆ. ಅವು ಬೀಜದ ಉದ್ದು, ಹೆಸರು, ಅಲಸಂದೆಗಳನ್ನು ಸುಗ್ಗಿಗೆ ಮೊದಲೇ ತರಿಸಿ ಸದಸ್ಯರಿಗೆ ಕೊಡಲಿ. ಬೆಳೆದುದರಲ್ಲಿ ಮನೆಗೆ ಮಿಕ್ಕುದನ್ನು ಕೊಂಡು, ಊರ ಅಂಗನವಾಡಿಗಳಿಗೂ ಒಂಟಿಯಾಗಿರುವ ವೃದ್ಧರ ಮನೆಗಳಿಗೂ ಮುಟ್ಟಿಸುವ ಏರ್ಪಾಡು ಮಾಡಲಿ. ಗದ್ದೆಯನ್ನು ಇನ್ನೂ ಉಳಿಸಿಕೊಂಡಿರುವವರು ಈ ವರ್ಷವೇ ಒಂದು ಮೂಲೆಯಲ್ಲಿಯಾದರೂ ಕಾಳನ್ನು ಬಿತ್ತಬೇಕೆಂದು ಕೇಳಿಕೊಳ್ಳುತ್ತೇನೆ. ಕೊಯ್ಲಿನ ಅನಂತರ ಗದ್ದೆಯಲ್ಲಿ ತೇವ ನಿಲ್ಲುವುದು ಕೆಲವೇ ವಾರ. ಬಿತ್ತುವುದಾದರೆ ಅಷ್ಟರೊಳಗೆ ಬಿತ್ತಬೇಕು.